ಸುದ್ದಿಯಾಕಿ ನಿಂತ ಬಾಗಿಲು

ತಾಯವ್ವನಿಗೆ ಪತ್ರಿಕೆಯಿಂದ ಬರಬೇಕಾದ ಬಾಕಿ ಇನ್ನೂ ಬಂದಿಲ್ಲ. ರೊಕ್ಕದ ಮಾತಲ್ಲ. ರೊಕ್ಕ ಕೊಡದೆ ಸತಾಯಿಸುವ ಪತ್ರಿಕೆಗಳು ನಮ್ಮ ಕಡೆ ಹೊಸದೇನಲ್ಲ, ಅದನ್ನು ಕೇಳುವುದನ್ನು ಅವಳು ಎಂದೋ ಬಿಟ್ಟಿದ್ದಾಳೆ. ಬಾಕಿ ಇರುವುದು ಒಂದು ಶಬ್ದ. ಅವಳು ತಂದ ವರದಿಯ ನೆತ್ತಿಯ ಮೇಲೆ, ಊರ ಹೆಸರಿನ ಕೆಳಗೆ, ಇದನ್ನು ತಂದವಳು ಒಬ್ಬ ಹೆಂಗಸು ಎಂದು ಹೇಳುವ ಒಂದೇ ಒಂದು ಶಬ್ದ.

ಗುಳೇದಗುಡ್ಡದ ಮಲಕಪ್ಪನ ಮಗಳು ಅವಳು. ಮಲಕಪ್ಪ ಮನೆಯಲ್ಲೇ ಮಗ್ಗ ಹೂಡಿಕೊಂಡು ಕುಪ್ಪಸದ ಖಣ ನೇಯುತ್ತಿದ್ದ. ಮಗಳು ಬಿ.ಎ. ಮುಗಿಸಿದ ವರ್ಷ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಜಿಲ್ಲೆಯಾದ ಮೇಲೆ ಅದಕ್ಕೊಂದು ದಿನಪತ್ರಿಕೆ ಬೇಡವೇ ಎಂದು ಯಂಕಪ್ಪನವರು ಹಳೆಯ ಊರಿನ ಓಣಿಯೊಂದರಲ್ಲಿ ಅಚ್ಚಿನ ಯಂತ್ರ ಇಳಿಸಿದರು. ಆ ಓಣಿ ಆಗಲೇ ಮುಳುಗಲು ತಯಾರಾಗಿತ್ತು. ಆಲಮಟ್ಟಿಯ ಹಿನ್ನೀರು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಜನ ಬಾಗಿಲು, ಕಿಟಕಿ, ತೊಲೆ ಕಿತ್ತುಕೊಂಡು ನವನಗರಕ್ಕೆ ಹೊರಟಿದ್ದರು. ಬಾಡಿಗೆ ಅಗ್ಗವೆಂದು ಯಂಕಪ್ಪನವರು ಅಲ್ಲೇ ಕೂತರು. ತಾಯವ್ವ ಕಚೇರಿಗೆ ಹೋಗುವಾಗ ಎರಡೂ ಕಡೆ ಬಾಗಿಲಿಲ್ಲದ ಮನೆಗಳು ಬಾಯಿ ತೆರೆದು ನಿಂತಿರುತ್ತಿದ್ದವು. ಒಳಗಿನ ಮಸಿ ಗೋಡೆಯ ಮೇಲೆ ದೇವರ ಪಟ ತೂಗುಬಿಟ್ಟಿದ್ದ ಜಾಗ ಮಾತ್ರ ಚೌಕವಾಗಿ ಬೆಳ್ಳಗಿರುತ್ತಿತ್ತು. ಯಾರೋ ನೋಡುತ್ತಿದ್ದಾರೆ ಎನ್ನಿಸಿ ಅವಳು ಬೇಗಬೇಗ ಹೆಜ್ಜೆ ಹಾಕುತ್ತಿದ್ದಳು.

ಕೆಲಸ ಹೀಗೆ: ಗುಳೇದಗುಡ್ಡ, ಅಮೀನಗಡ, ಹುನಗುಂದ, ಇಳಕಲ್ಲಿನ ಸುತ್ತ ತಿರುಗಿ ಬರೆದದ್ದನ್ನು ಕವರಿನಲ್ಲಿಟ್ಟು ಬಾಗಲಕೋಟೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಸಂಜೆಯೊಳಗೆ ಅದು ಯಂಕಪ್ಪನವರ ಮೇಜು ಸೇರುತ್ತಿತ್ತು. ಮರುದಿನ 'ನಮ್ಮ ಬಾತ್ಮೀದಾರರಿಂದ' ಎಂಬ ತಲೆಬರಹ ಹೊತ್ತು ಹೊರಬರುತ್ತಿತ್ತು.

ಹೆಣ್ಣಾದ ತಾನು ಬಾತ್ಮೀದಾರ ಹೇಗಾಗುತ್ತೇನೆ ಎಂದು ಅವಳು ಒಮ್ಮೆ ನೇರವಾಗಿಯೇ ಕೇಳಿದಳು. ಯಂಕಪ್ಪನವರು ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿದರು. ಬಾತ್ಮೀದಾರಳು ಎಂದರೆ ಬಾಯಿಗೆ ಬರುವುದಿಲ್ಲ, ವರದಿಗಾರ್ತಿ ಎಂದರೆ ನಾಟಕ ಕಂಪನಿಯ ಪಾತ್ರದಂತೆ ಕೇಳುತ್ತದೆ, ಪತ್ರಕರ್ತೆ ಎಂದು ಹಾಕಿದರೆ ಓದುವವರು ಅಕ್ಷರ ತಪ್ಪಾಗಿದೆ ಎಂದು ತಿಳಿಯುತ್ತಾರೆ ಎಂದರು. "ಶಬ್ದ ಸಿಕ್ಕ ದಿನ ಹಾಕೋಣಂತ ತಂಗಿ. ಅಲ್ಲೀತನಕ ನೀನೂ ಬಾತ್ಮೀದಾರನ," ಎಂದು ಮಾತು ಮುಗಿಸಿದರು.

ಹೊರಗಿನವರಿಗೆ ಶಬ್ದಗಳ ಬರ ಇರಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಅಧಿಕಾರಿಗಳು "ಪತ್ರಕರ್ತ ಮಿತ್ರರೇ, ಮತ್ತು ಮೇಡಂ ಅವರೇ" ಎಂದು ಆರಂಭಿಸುತ್ತಿದ್ದರು. ಹುನಗುಂದದ ಚಹಾದಂಗಡಿಯಲ್ಲಿ ಕೂತ ಹುಡುಗರಿಗೆ ಅವಳು ಪೇಪರ್ ಬಾಯಾರು. ಇವತ್ತು ಯಾರ ಮನೆ ಮುರಿಯಲು ಹೊರಟಿದ್ದೀರಿ ಬಾಯಾರ ಎಂದು ಕೇಳಿ ಅವರು ಹಲ್ಲು ಕಿರಿಯುತ್ತಿದ್ದರು. ನಿಮ್ಮ ಮನೆಯಿಂದಲೇ ಶುರುಮಾಡುತ್ತೇನೆ, ವಿಳಾಸ ಬರೆಸಿ ಎಂದು ಅವಳು ಪೆನ್ನು ತೆಗೆದರೆ ಎದ್ದು ಹೋಗುತ್ತಿದ್ದರು. ಇವೆಲ್ಲ ಮೈಗೆ ಹತ್ತದ ಮಾತುಗಳು. ಮೈಗೆ ಹತ್ತಿದ್ದು ಒಂದೇ, ಸುದ್ದಿಯಾಕಿ. ಅದನ್ನು ಕೊಟ್ಟವಳು ಇಳಕಲ್ಲಿನ ಆಚೆಯ ಹಳ್ಳಿಯ ಮುತ್ತವ್ವ.

ಈ ಸೀಮೆಯಲ್ಲಿ ಬಾಗಿಲಿಗೆ ಬಂದ ಸುದ್ದಿ ಎಂದರೆ ಸಾವು. ಮದುವೆಯಾದರೆ ಕರೆಯಲು ಬರುತ್ತಾರೆ, ಕೂಸು ಹುಟ್ಟಿದರೆ ಸಕ್ಕರೆ ತರುತ್ತಾರೆ. 'ಸುದ್ದಿ ಐತಿ' ಎಂದು ನಿಂತವನು ಮಾತ್ರ ಹೆಣದ ಕಡೆಯಿಂದ ಬಂದವನು. ಅವನು ಹೊಸ್ತಿಲು ದಾಟುವುದಿಲ್ಲ. ಅವನಿಗೆ ಯಾರೂ ನೀರು ಕೊಡುವುದಿಲ್ಲ, ಅವನೂ ಕೇಳುವುದಿಲ್ಲ. ಹೇಳಿ ಮುಗಿದ ಮೇಲೆ 'ಬರ್ತೇನಿ' ಎನ್ನದೆ ಬೆನ್ನು ತಿರುಗಿಸುತ್ತಾನೆ. ತಾಯವ್ವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಕಚೇರಿಯಲ್ಲಿ ದಿನಾ ಸುದ್ದಿ, ಸುದ್ದಿ ಎಂದು ಆಡಿ ಆಡಿ ಆ ಶಬ್ದದ ಹಳೆಯ ಅರ್ಥ ಅವಳ ನಾಲಿಗೆಯಿಂದ ಸವೆದುಹೋಗಿತ್ತು.

ಎರಡು ಸಾವಿರದ ಇಸವಿಯ ಬೇಸಿಗೆ. ಇಳಕಲ್ಲಿನ ಆಚೆ ಕೆಂಪು ಕಲ್ಲಿನ ಕ್ವಾರಿಯೊಂದರಲ್ಲಿ ಮದ್ದು ಹಾರಿಸಿದಾಗಲೆಲ್ಲ ಪಕ್ಕದ ಹಳ್ಳಿಯ ಗೋಡೆಗಳು ಬಿರಿಯುತ್ತಿವೆ ಎಂದು ಕೇಳಿ ಅವಳು ಅಲ್ಲಿಗೆ ಹೋದಳು. ಕ್ವಾರಿಯಲ್ಲಿ ಡ್ರಿಲ್ ಹಿಡಿಯುವ ಕಲ್ಲೇಶನ ಮನೆಯ ಗೋಡೆ ಎಲ್ಲಕ್ಕಿಂತ ಹೆಚ್ಚು ಬಿರಿದಿದೆ ಎಂದು ಯಾರೋ ತೋರಿಸಿದರು. ಉರಿಬಿಸಿಲು. ಓಣಿಯಲ್ಲಿ ನಾಯಿಯೂ ಇಲ್ಲ. ಬಾಗಿಲಲ್ಲಿ ಕಲ್ಲೇಶನ ತಾಯಿ ಮುತ್ತವ್ವ ಜೋಳ ಹಸನು ಮಾಡುತ್ತಿದ್ದಳು.

"ಕಲ್ಲೇಶನ ಮನಿ ಇದ ಹೌದಲ್ರಿ? ಸುದ್ದಿ ಸಲುವಾಗಿ ಬಂದೇನಿ," ಎಂದಳು ತಾಯವ್ವ.

ಮುತ್ತವ್ವನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಆಮೇಲೆ ಸಣ್ಣ ದನಿಯಲ್ಲಿ, "ಯಾವಾಗ?" ಎಂದು ಕೇಳಿದಳು.

ಪೇಪರಿನಲ್ಲಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡಳು ತಾಯವ್ವ. "ನಾಳಿಗಿ ಬರತೈತ್ರಿ," ಎಂದಳು.

ನಾಳೆ ಹೆಣ ಬರುತ್ತದೆ ಎಂದು ತಿಳಿದ ಮುತ್ತವ್ವ ಮೊರವನ್ನು ಬಿಟ್ಟು ನೆಲಕ್ಕೆ ಕುಸಿದಳು. ಎತ್ತಿದ ದನಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ತಾಯವ್ವ ಕೈ ಆಡಿಸಿ ಇಲ್ಲ, ಇಲ್ಲ, ನಾನು ಪೇಪರಿನವಳು, ಗೋಡೆ ನೋಡಲು ಬಂದವಳು ಎಂದದ್ದು ಯಾರಿಗೂ ಕೇಳಿಸಲಿಲ್ಲ. ಹೆಂಗಸರು ಮುತ್ತವ್ವನ ಕೊರಳಿಗೆ ಬಿದ್ದು ಹಾಡಿಕೊಂಡು ಅಳತೊಡಗಿದ್ದರು. ಕಲ್ಲೇಶ ಹುಟ್ಟಿದ್ದು, ನಡೆದದ್ದು, ಮೊದಲ ಸಲ ಕೂಲಿ ತಂದದ್ದು, ಎಲ್ಲವೂ ಆ ಅಳುವಿನಲ್ಲಿ ಬಂದುಹೋಯಿತು. ಅಷ್ಟರಲ್ಲಿ ಆ ಕಲ್ಲೇಶನೇ ಓಡಿಬಂದು ಅಂಗಳದಲ್ಲಿ ನಿಂತ. ಮೈತುಂಬ ಕಲ್ಲಿನ ಬಿಳಿ ಧೂಳು. ಮನೆಯಲ್ಲಿ ಅಳು ಕೇಳುತ್ತಿದೆ ಎಂದು ಯಾರೋ ಹೇಳಿದ್ದರಿಂದ ತಾಯಿ ಹೋದಳೆಂದುಕೊಂಡು ಬಂದಿದ್ದ. ಅವನನ್ನು ನೋಡಿ ಹೆಂಗಸರು ಸುಮ್ಮನಾದರು. ಯಾರೂ ಅವನ ಹತ್ತಿರ ಹೋಗಲಿಲ್ಲ.

ಆಮೇಲೆ ನಕ್ಕರು. ಸುಳ್ಳು ಸಾವಿನ ಸುದ್ದಿ ಬಂದರೆ ಆಯುಷ್ಯ ಹೆಚ್ಚುತ್ತದೆ ಎಂದು ಯಾರೋ ಅಂದರು. ನಗದವಳು ಒಬ್ಬಳೇ, ಮೂಲೆಯಲ್ಲಿ ಕೂತಿದ್ದ ಹಣ್ಣು ಮುದುಕಿ. ಅತ್ತದ್ದು ತಿರುಗಿ ಹೋಗುವುದಿಲ್ಲ, ನಾಳೆ ಹೊತ್ತು ಮುಳುಗುವ ತನಕ ಅವನನ್ನು ಹೊರಗೆ ಬಿಡಬೇಡಿ ಎಂದಳು. ತಾಯವ್ವ ಬಿರಿದ ಗೋಡೆಯ ಅಳತೆ ತೆಗೆದುಕೊಂಡು ಹೊರಟಳು. ಬಾಯಿ ಒಣಗಿತ್ತು. ನೀರು ಕೇಳಬೇಕೆಂದು ತಿರುಗಿದಳು. ಮುತ್ತವ್ವ ತುಂಬಿದ ತಂಬಿಗೆಯನ್ನು ಒಳಗೆ ಸರಿಸುತ್ತಿದ್ದಳು.

ಗೋಡೆಯ ವರದಿ ಮರುದಿನವೇ ಬಂತು. ಒಂದು ವಾರ ಬಿಟ್ಟು ಅದನ್ನು ಕತ್ತರಿಸಿಕೊಂಡು ತೋರಿಸಲು ಹೋದಳು. ಓಣಿಗೆ ಕಾಲಿಡುತ್ತಲೇ ಒಂದು ಬಾಗಿಲು ಮುಚ್ಚಿತು. ಎರಡು ಹೆಜ್ಜೆ ಇಟ್ಟರೆ ಇನ್ನೊಂದು. ಯಾರೂ ಬಯ್ಯಲಿಲ್ಲ, ಓಡಲಿಲ್ಲ. ಅವಳು ನಡೆದಂತೆ ಅವಳ ಮುಂದೆ ಮುಂದೆ ಅಗುಳಿಗಳು ಬೀಳುತ್ತ ಹೋದವು. ಆಡುತ್ತಿದ್ದ ಮಗುವೊಂದನ್ನು ಒಂದು ಕೈ ಒಳಗೆಳೆದುಕೊಂಡಿತು. ಕೈ ಕಂಡಿತು, ಮುಖ ಕಾಣಲಿಲ್ಲ.

ಮುತ್ತವ್ವನ ಬಾಗಿಲೂ ಮುಚ್ಚಿತ್ತು. ತಟ್ಟಿದಾಗ ಅದರ ಹಿಂದಿನಿಂದ ದನಿ ಬಂತು. "ನಿನ್ನ ಮಾತು ಖರೆ ಆತು, ಸುದ್ದಿಯಾಕಿ. ಮರುದಿನ ನನ್ನ ಮಗನ ಜಾಗಾಕ್ಕ ಇಳಕಲ್ಲಿನ ಅಹ್ಮದಸಾಬ ಡ್ರಿಲ್ ಹಿಡದಿದ್ದ. ಬಂಡೆಗಲ್ಲು ಅವನ ಮ್ಯಾಲ ಬಂತು. ನಾಳಿಗಿ ಬರತೈತಿ ಅಂದಿದ್ದಿ, ಬಂತು. ಇನ್ನ ಹೋಗು."

ಕಲ್ಲೇಶ ಎಲ್ಲಿ ಎಂದು ಕೇಳಿದಳು. ಮಾಲಕರು ಗೋವಾದ ಕೆಲಸಕ್ಕೆ ಕಳಿಸಿದ್ದಾರೆ ಎಂದು ಹೇಳಿ ಆ ದನಿ ನಿಂತಿತು.

ತಾಯವ್ವ ಕ್ವಾರಿಗೆ ಹೋದಳು. ಅಲ್ಲಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ನಗುಮುಖದವನು. ಅಹ್ಮದಸಾಬನೇ? ಅವನು ಲೆಕ್ಕ ಮುಗಿಸಿಕೊಂಡು ಗೋವಾಕ್ಕೆ ಹೋದನಲ್ಲ ಎಂದ. ಇಳಕಲ್ಲಿನ ಠಾಣೆಯಲ್ಲಿ, ಯಾರೂ ಕಾಣೆಯಾಗಿಲ್ಲ, ಯಾರೂ ಸತ್ತಿಲ್ಲ, ಫಿರ್ಯಾದಿ ಇಲ್ಲದೆ ನಾವೇನು ಹುಡುಕೋಣ ಎಂದರು. ಯಂಕಪ್ಪನವರಿಗೆ ಬರೆದುಕೊಟ್ಟರೆ ಮುಚ್ಚಿದ ಬಾಗಿಲಿನ ಹಿಂದಿನ ದನಿಯನ್ನು ನಂಬಿ ಅಚ್ಚು ಹಾಕಲು ಬರುವುದಿಲ್ಲ ಎಂದು ತಿರುಗಿ ಕೊಟ್ಟರು. ಅವರ ಮಾತು ತಪ್ಪಾಗಿರಲಿಲ್ಲ. ಅಹ್ಮದಸಾಬನ ಹೆಂಡತಿ ಬಂದು ಠಾಣೆಯಲ್ಲಿ ಬರೆಸಲಿ, ಅದೇ ದಿನ ಮುಖಪುಟದಲ್ಲಿ ಹಾಕುತ್ತೇನೆ ಎಂದರು. ಅಂದರೆ ತಾಯವ್ವ ಆ ಹೆಂಡತಿಯ ಬಾಗಿಲಿಗೆ ಹೋಗಬೇಕು. ಹೋಗಿ, ತನಗೆ ಅಂಟಿದ ಆ ಶಬ್ದವನ್ನು ತಾನೇ ಖರೆ ಮಾಡಬೇಕು. ಹೋಗದಿದ್ದರೆ ಒಬ್ಬ ಮನುಷ್ಯ ಸತ್ತದ್ದೇ ಇಲ್ಲದಂತಾಗುತ್ತದೆ.

ಮಳೆಗಾಲ ಕಳೆಯುವ ತನಕ ಅವಳು ಹೋಗಲಿಲ್ಲ. ಧೈರ್ಯ ಇರಲಿಲ್ಲ, ಅಷ್ಟೇ. ಅಷ್ಟರಲ್ಲಿ ಅವಳ ಸುದ್ದಿ ಅವಳಿಗಿಂತ ಮೊದಲು ಊರೂರಿಗೆ ಮುಟ್ಟಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಅಮೀನಗಡದಲ್ಲಿ ಒಬ್ಬಳು ಕಾಯಿಲೆ ಬಿದ್ದ ಗಂಡನ ಹೆಸರನ್ನು ಪೇಪರಿನಲ್ಲಿ ಸತ್ತವರ ಸಾಲಿನಲ್ಲಿ ಹಾಕಿಸು, ಬದುಕಿಕೊಳ್ಳುತ್ತಾನೆ ಎಂದು ಅವಳ ಕಾಲು ಹಿಡಿದಳು. ಮನೆಗೆ ಬಂದು ಇದನ್ನು ಹೇಳಿದರೆ ಮಲಕಪ್ಪ ಲಾಳಿ ನಿಲ್ಲಿಸದೆ ಕೇಳಿಸಿಕೊಂಡ. "ಶಬ್ದ ಬಾಯಿಂದ ಬಿಟ್ಟಾಕಿ ನೀನ. ಅದರ ಗಂಟು ಬಿಚ್ಚಾಕಿನೂ ನೀನ," ಎಂದ.

ಒಂದು ಶುಕ್ರವಾರ ಮಧ್ಯಾಹ್ನ ಅವಳು ಇಳಕಲ್ಲಿಗೆ ಹೋದಳು. ಅಹ್ಮದಸಾಬನ ಓಣಿಯ ಎರಡೂ ಕಡೆ ಮಗ್ಗಗಳು. ದೂರದಿಂದಲೇ ಖಟಖಟ ಕೇಳುತ್ತಿತ್ತು. ಅವಳು ಮೊದಲ ಮನೆ ದಾಟುತ್ತಲೇ ಅಲ್ಲಿನ ಮಗ್ಗ ನಿಂತಿತು. ಎರಡನೆಯ ಮನೆ ದಾಟಿದಾಗ ಅದೂ. ನೇಕಾರನ ಮಗಳಿಗೆ ನಿಂತ ಮಗ್ಗದಷ್ಟು ಕೆಟ್ಟ ಸದ್ದು ಬೇರೆ ಇಲ್ಲ. ತಾಯವ್ವ ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಅವಳ ಚಪ್ಪಲಿಯ ಸಪ್ಪಳ ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ.

ಕೊನೆಯ ಮನೆ ಅಹ್ಮದಸಾಬನದು. ಅವನ ಹೆಂಡತಿ ಅಲೀಮಾ ಕೂಲಿಗೆ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುವವಳು. ಅವಳು ರಾಟಿ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಸಣ್ಣ ಮಗಳು ಸುಗರಾ ನೂಲಿನ ತುಂಡುಗಳನ್ನು ಗಂಟು ಹಾಕಿ ಆಡುತ್ತಿದ್ದಳು. ತಾಯವ್ವ ಸುದ್ದಿ ಎಂಬ ಶಬ್ದವನ್ನೇ ಎತ್ತಲಿಲ್ಲ. ಅಹ್ಮದಸಾಬರ ಬಗ್ಗೆ ಕೇಳಲು ಬಂದೆ ಎಂದಷ್ಟೇ ಅಂದಳು.

ಅಲೀಮಾ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅವರು ಗೋವಾದಲ್ಲಿದ್ದಾರೆ, ಜುಮ್ಮಾ ನಮಾಜು ಬಿಟ್ಟ ಮೇಲೆ ಮಲೀಕಸಾಬನ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಾರೆ, ಇವತ್ತು ಶುಕ್ರವಾರ, ಬೇಕಾದರೆ ನೀವೇ ಮಾತಾಡಿ ಎಂದಳು. ಸತ್ತವನು ಫೋನು ಮಾಡುತ್ತಾನೆ.

ಬೂತಿನ ಒಳಗೆ ಇಬ್ಬರೂ ಒತ್ತಿಕೊಂಡು ನಿಂತರು. ಮಲೀಕಸಾಬ ಹೊರಗಿನ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಫೋನು ಬಂತು. ಅಲೀಮಾ ಎತ್ತಿ, ಹ್ಞೂಂ, ಆರಾಮ, ಸುಗರಾ ಸಾಲಿಗೆ ಹೋಗುತ್ತಾಳೆ ಎಂದು ನಾಲ್ಕು ಮಾತಾಡಿ ರಿಸೀವರನ್ನು ತಾಯವ್ವನ ಕಿವಿಗೆ ಇಟ್ಟಳು. ಆಚೆ ಯಾರೋ ಉಸಿರಾಡುತ್ತಿದ್ದರು. ಕೆಮ್ಮು. ಕಲ್ಲಿನ ಧೂಳು ಕುಡಿದವರ ಒಣ ಕೆಮ್ಮು.

ಯಾರು ಎಂದು ಆ ದನಿ ಕೇಳಿತು. ಪೇಪರಿನವಳು ಎನ್ನಬೇಕೆಂದು ಬಾಯಿ ತೆರೆದ ತಾಯವ್ವನಿಗೆ ಬಂದದ್ದು ಬೇರೆ ಮಾತು. "ಸುದ್ದಿಯಾಕಿ," ಎಂದಳು.

ಉಸಿರು ನಿಂತಿತು. ತಂತಿಯೊಳಗೆ ಗಾಳಿ ಬೀಸುವಂಥ ಸದ್ದು ಮಾತ್ರ. ಆಮೇಲೆ ದನಿ ತೀರ ಹತ್ತಿರ ಬಂತು, ಅವಳ ಕಿವಿಯೊಳಗೇ ನಿಂತು ಆಡಿದಂತೆ. "ನಾಳಿಗಿ ಬರತೈತಿ ಅಂದಿದ್ದಿ. ಬಂತಲ್ಲ. ಮತ್ತ್ಯಾಕ ಬಂದಿ?"

ಫೋನು ಕಡಿಯಿತು. ಆ ಮಾತು ಗೊತ್ತಿದ್ದದ್ದು ಮುತ್ತವ್ವನಿಗೆ, ಅವಳ ಅಂಗಳದಲ್ಲಿದ್ದವರಿಗೆ. ಆ ಅಂಗಳದಿಂದ ಗೋವಾಕ್ಕೆ ಹೋದವನು ಕಲ್ಲೇಶ ಒಬ್ಬನೇ. ಬದುಕಿದ್ದಾಗಲೇ ಓಣಿಯವರೆಲ್ಲ ಯಾರಿಗಾಗಿ ಅತ್ತಿದ್ದರೋ ಅವನು, ತನ್ನ ಜಾಗದಲ್ಲಿ ಸತ್ತವನ ಹೆಸರಿನಲ್ಲಿ ವಾರವಾರ ಮಾತಾಡುತ್ತಿದ್ದ. ಹೀಗೆ ಮಾತಾಡು ಎಂದು ಅವನಿಗೆ ಯಾರು ಹೇಳಿರಬಹುದು ಎಂಬುದಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ, ಅವನನ್ನು ಗೋವಾಕ್ಕೆ ಕಳಿಸಿದವರೇ.

ಅಲೀಮಾ ಅವಳ ಮುಖವನ್ನೇ ನೋಡುತ್ತಿದ್ದಳು. "ಅದು ನಮ್ಮವರ ದನಿ ಅಲ್ಲ ಅಂತ ಮೊದಲನೇ ಸಲಾನ ಗೊತ್ತಾತು," ಎಂದಳು. "ಅವರು ನನ್ನ ಹೆಸರ ಹಿಡದು ಒಂದಿನಾನೂ ಕರದಾವರಲ್ಲ. ಸುಗರಾನ ಅಮ್ಮಾ ಅಂತಿದ್ರು. ಈ ಫೋನಿನಾಂವ ಅಲೀಮಾ ಅಂತಾನ."

ಗೊತ್ತಿದ್ದೂ ಇಷ್ಟು ದಿನ ಯಾಕೆ ಮಾತಾಡಿದೆ ಎಂದು ತಾಯವ್ವ ಕೇಳಿದಳು.

"ಯಾರೂ ಬಾಗಲಕ್ಕ ಬಂದು ಹೇಳಲಿಲ್ಲಲ್ಲ. ಹೇಳದ ಹೊರತು ನಾ ಹೆಂಗ ಅಳಲಿ? ನೀ ಸುದ್ದಿಯಾಕಿ ಹೌದಲ್ಲೋ, ಮನಿಗಿ ನಡಿ. ಬಾಗಲದಾಗ ನಿಂತು ಹೇಳು."

ಇಬ್ಬರೂ ಆ ಸದ್ದಿಲ್ಲದ ಓಣಿಯಲ್ಲಿ ತಿರುಗಿ ನಡೆದರು. ಅಲೀಮಾ ಒಳಗೆ ಹೋಗಿ ರಾಟಿಯ ಮುಂದೆ ಕೂತಳು, ಏನೂ ಗೊತ್ತಿಲ್ಲದವಳಂತೆ. ತಾಯವ್ವ ಹೊಸ್ತಿಲಿನ ಹೊರಗೆ ನಿಂತಳು. ಬಿ.ಎ. ಓದಿದ್ದು, ಬರೆದದ್ದು, ಶಬ್ದಕ್ಕಾಗಿ ಯಂಕಪ್ಪನವರ ಜೊತೆ ವಾದಿಸಿದ್ದು ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. "ಸುದ್ದಿ ಐತಿ," ಎಂದಳು. "ಅಹ್ಮದಸಾಬರು ತೀರಿಕೊಂಡಾರ."

ರಾಟಿ ನಿಂತಿತು. ಅಲೀಮಾ ಅತ್ತಳು. ಅತ್ತು ಮುಗಿಯುವ ತನಕ ಓಣಿಯ ಒಂದು ಮಗ್ಗವೂ ಆಡಲಿಲ್ಲ. ತಾಯವ್ವ ರೂಢಿಯಂತೆ ಬರ್ತೇನಿ ಎನ್ನದೆ ಬೆನ್ನು ತಿರುಗಿಸಿದಳು. ಹಿಂದಿನಿಂದ ನಿಲ್ಲು ಎಂಬ ಮಾತು ಬಂತು. ಅಲೀಮಾ ಒಂದು ತಂಬಿಗೆ ನೀರು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

"ಕುಡಿ. ಸುದ್ದಿ ಮುಟ್ಟಿತು. ಇನ್ನ ನೀ ನನ್ನ ಜೋಡಿ ಠಾಣಾಕ್ಕ ಬರಾಕಿ."

ತಾಯವ್ವ ಕುಡಿದಳು. ನೀರು ಉಪ್ಪಾಗಿತ್ತು. ಇಳಕಲ್ಲಿನ ಬೋರಿನ ನೀರು ಉಪ್ಪೇ ಇರುತ್ತದೆ.

ಠಾಣೆಯಲ್ಲಿ ಫಿರ್ಯಾದು ಬರೆದುಕೊಳ್ಳಲು ಸಂಜೆಯವರೆಗೆ ಕೂರಿಸಿದರು. ಇಬ್ಬರೂ ಏಳಲಿಲ್ಲ. ಬರೆದುಕೊಂಡ ಮೇಲೆ ಸುಮ್ಮನಿರಲು ಬರುವುದಿಲ್ಲವಲ್ಲ. ಗೋವಾದಿಂದ ಕಲ್ಲೇಶನನ್ನು ಕರೆತಂದರು. ಕ್ವಾರಿಯ ಹಿಂದೆ ಒಡೆದ ಕಲ್ಲು ಸುರಿಯುವ ರಾಶಿಯನ್ನು ಅವನೇ ತೋರಿಸಿದ. ಅಹ್ಮದಸಾಬ ಅದರ ಅಡಿಯಲ್ಲಿದ್ದ. ಮುಕಾದಮನನ್ನು ಹಿಡಿದರು, ಮಾಲಕನನ್ನು ಹಿಡಿಯಲಿಲ್ಲ. ಎತ್ತಿದ್ದನ್ನು ಇಳಕಲ್ಲಿನಲ್ಲೇ ಮಣ್ಣು ಮಾಡಿದರು.

ಅದಾದ ಮೇಲಿನ ಶುಕ್ರವಾರ, ನಮಾಜು ಬಿಟ್ಟ ಹೊತ್ತಿಗೆ, ಬೂತಿನ ಫೋನು ಮತ್ತೆ ಬಂತು. ಕಲ್ಲೇಶ ಆಗ ಪೊಲೀಸರ ವಶದಲ್ಲಿದ್ದ. ಮಲೀಕಸಾಬ ಎತ್ತಲಿಲ್ಲ, ಯಾರಿಗೂ ಎತ್ತಗೊಡಲಿಲ್ಲ. ಅದು ತಾನಾಗಿ ಸುಮ್ಮನಾಯಿತು. ತಾಯವ್ವ ಇದನ್ನು ಬರೆಯಲಿಲ್ಲ. ಯಾರು ಮಾಡಿದ್ದರು ಎಂದು ಗೊತ್ತಿಲ್ಲದ ಫೋನನ್ನು ವರದಿ ಎನ್ನುವುದಿಲ್ಲ.

ಮಿಕ್ಕದ್ದನ್ನೆಲ್ಲ ಬರೆದಳು. ಯಂಕಪ್ಪನವರು ಮಾತಿಗೆ ತಪ್ಪದೆ ಮುಖಪುಟದಲ್ಲೇ ಹಾಕಿದರು. ಮೇಲೆ ದಪ್ಪ ಅಕ್ಷರದಲ್ಲಿ, ನಮ್ಮ ಬಾತ್ಮೀದಾರರಿಂದ. ಕಲ್ಲು ಒಡೆಯುವವರ ಸಂಘದವರು ಮೆಚ್ಚಿ ಪತ್ರಿಕೆಗೆ ಒಂದು ಕಾಗದ ಬರೆದರು. ಗುಳೇದಗುಡ್ಡದ ಬಾತ್ಮೀದಾರರ ಹೆಸರನ್ನು ಯಾರೋ ಅರ್ಧ ಕೇಳಿಸಿಕೊಂಡು ಹೇಳಿರಬೇಕು. ಕಾಗದದ ಮೇಲಿದ್ದದ್ದು 'ಶ್ರೀ ತಾಯಪ್ಪನವರಿಗೆ'. ತಾಯವ್ವ ಅದನ್ನು ಓದಿ ನಕ್ಕಳು. ಮಲಕಪ್ಪ ನಗಲಿಲ್ಲ.

ಮುಂದೆ ಹಿನ್ನೀರು ಬಂದು ಆ ಹಳೆಯ ಓಣಿಯನ್ನು ನುಂಗಿತು, ಪತ್ರಿಕೆ ನವನಗರಕ್ಕೆ ಹೋಯಿತು, ಯಂತ್ರ ಬದಲಾಯಿತು, ಕಂಡಕ್ಟರನ ಕೈಯ ಕವರು ಹೋಗಿ ಕಂಪ್ಯೂಟರ್ ಬಂತು. ಯಂಕಪ್ಪನವರಿಗೆ ಶಬ್ದ ಸಿಗಲಿಲ್ಲ. ತಾಯವ್ವ ಇಂದಿಗೂ ತಿರುಗುತ್ತಾಳೆ, ಅವಳನ್ನು ಕಂಡು ಅಗುಳಿ ಹಾಕುವ ಊರುಗಳು ಇಂದಿಗೂ ಇವೆ. ಆ ಬಾಗಿಲುಗಳ ಹಿಂದೆ ನಿಂತವರಿಗೆ ಯಾವ ಕಲ್ಲಿನ ಅಡಿಯಲ್ಲಿ ಯಾರಿದ್ದಾರೆಂದು ಗೊತ್ತಿರುತ್ತದೆ.

ಪತ್ರಿಕೆ ಕೊಡದ ಬಾಕಿಯನ್ನು ಈಗ ನೀವು ಕೊಡಬೇಕು. ನಾಳೆ ಅವಳು ನಿಮ್ಮ ಬಾಗಿಲಿಗೂ ಬರುತ್ತಾಳೆ. ಅಗುಳಿ ತೆಗೆಯಿರಿ, ಅವಳ ಹೆಸರು ಹಿಡಿದು ಒಳಗೆ ಕರೆಯಿರಿ, ಮೊದಲು ನೀರು ಕೊಡಿ. ಆಮೇಲೆ ಕೂತು, ನಿಮಗೆ ಗೊತ್ತಿರುವುದನ್ನು ಹೇಳಿ.